ತಾಲೀಮಿನ ಜಮೀನು

ಕಮಲಾಪುರದ ಬಯಲು ಹೋದದ್ದು ಒಂದು ಶಬ್ದದಿಂದ, ಆ ಶಬ್ದ ಬರೆದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಜಾಮರ ಸರ್ಕಾರದಲ್ಲಿ ವರ್ಷಗಟ್ಟಲೆ ಕಾಗದ ಬರೆದವನಿಗೆ ಮುಖ್ಯ ಮಾತನ್ನು ಕೊನೆಯ ಸಾಲಿಗೆ ತಳ್ಳಿ, ಅದರ ಮೇಲೆ ನಾಲ್ಕು ಸಲಾಮು ಹೇರುವ ಚಾಳಿ ಅಂಟಿರುತ್ತದೆ. ಆ ಚಾಳಿಯಿಂದ ಆದ ಕೇಡನ್ನು ಕಣ್ಣಾರೆ ಕಂಡಿದ್ದೇನೆ, ಇನ್ನು ಸಾಕು.

ಬಯಲು ಅಂದರೆ ಭಾರಿ ಬಯಲೇನಲ್ಲ. ಸಂತೆ ಕೂಡುವ ಜಾಗದ ಹಿಂದೆ, ಬಾಳೆಯ ತೋಟಗಳಿಗೆ ಹೋಗುವ ಬಂಡಿದಾರಿಯ ಪಕ್ಕಕ್ಕೆ ಯಾರ ಹೆಸರಿಗೂ ಇಲ್ಲದೆ ಬಿದ್ದಿದ್ದ ಕೆಂಪು ನೆಲ. ಕಲಬುರಗಿಯ ಸುತ್ತ ಎತ್ತ ನೋಡಿದರೂ ಕರಿ ಮಣ್ಣು. ಮಳೆಗಾಲದಲ್ಲಿ ಕಾಲು ಹಿಡಿದು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ನುಂಗುತ್ತದೆ. ಕಮಲಾಪುರದ್ದು ಮಾತ್ರ ಕೆಂಪು. ನಮ್ಮ ಬಾಳೆಹಣ್ಣಿಗೆ ಕೆಂಪು ಬಂದದ್ದು ಆ ಮಣ್ಣಿನಿಂದಲೇ ಎಂದು ತೋಟದವರು ಹೇಳುತ್ತಿದ್ದರು. ಕುಸ್ತಿಗೂ ಅದೇ ಮಣ್ಣೇ ಆಗಬೇಕು ಎಂದು ವಸ್ತಾದರು ಹೇಳುತ್ತಿದ್ದರು.

ವಸ್ತಾದರು ಅಂದರೆ ನಮಗೆ ಕುಸ್ತಿ ಕಲಿಸಿದ ಗುರುಗಳು. ಅರಳೆ ಹಿಂಜುವ ಕಸುಬಿನ ಮುಸಲ್ಮಾನರು. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಖಡಕ್ಕಾದ ಕನ್ನಡ. ಬಯಲಿನ ಒಂದು ಮೂಲೆಯಲ್ಲಿ ಮಣ್ಣಿನ ಗೋಡೆಯ ಕೋಣೆ ಇತ್ತು, ಅದರೊಳಗೆ ಅಖಾಡ. ನಮ್ಮ ಕಡೆ ಅಂಥ ಗರಡಿಮನೆಗೆ ತಾಲೀಮು ಅನ್ನುತ್ತಾರೆ. ಅಖಾಡದ ಮಣ್ಣಿಗೆ ಮಜ್ಜಿಗೆ, ಅರಿಶಿಣ, ಕುಸುಬಿ ಎಣ್ಣೆ ಸುರಿದು ನಾವು ಕಾಲಿನಿಂದ ಕಲಸುತ್ತಿದ್ದೆವು. ಗೂಡಿನಲ್ಲಿ ಹನುಮಪ್ಪನಿದ್ದ. ನಮ್ಮಲ್ಲೊಬ್ಬ ದೀಪ ಹಚ್ಚುವ ತನಕ ವಸ್ತಾದರು ಕೈ ಕಟ್ಟಿ ನಿಂತಿರುತ್ತಿದ್ದರು, ಆಮೇಲೆ ತಾವೂ ಅಲ್ಲಾನ ಹೆಸರು ಹೇಳಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಇದರಲ್ಲಿ ವಿಶೇಷ ಏನಿದೆ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಬಯಲಿನ ಉಳಿದ ಭಾಗ ಊರಿನದು. ಸಂಜೆಗೆ ಹುತುತು ಎನ್ನುವ ಕಬಡ್ಡಿ ಆಡುವವರು, ಚಿನ್ನಿಕೋಲು ಹಿಡಿದು ಚಿಣಿಪಣಿ ಆಡುವವರು. ಮೊಹರಮ್ಮಿಗೆ ಅಲಾಯಿ ಕುಣಿತ. ನಡುವೆ ಒಂದು ಹಳೆಯ ಬೇವಿನ ಮರ, ನಾಗರಪಂಚಮಿ ಬಂತೆಂದರೆ ಅದರ ಟೊಂಗೆಗೆ ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳು ವರ್ಷದಲ್ಲಿ ಅದೊಂದು ದಿನ ಸೆರಗು ಬಿಗಿದುಕೊಂಡು ಊರಿಗೆಲ್ಲ ಕೇಳುವ ಹಾಗೆ ನಗುತ್ತಿದ್ದರು. ನನ್ನ ಹೆಂಡತಿ ಅದೇ ಊರಿನವಳು. ಮದುವೆಗೆ ಮೊದಲು ನಾನು ಅವಳನ್ನು ಕಂಡದ್ದು ಆ ಜೋಕಾಲಿಯ ಮೇಲೆಯೇ. ತಾಲೀಮಿನ ಬಾಗಿಲಲ್ಲಿ ಲಂಗೋಟಿ ಕಟ್ಟಿಕೊಂಡು ಬಾಯಿ ತೆರೆದು ನಿಂತಿದ್ದಕ್ಕೆ ವಸ್ತಾದರು ಹಿಂದಿನಿಂದ ಒಂದು ಬಿಗಿದಿದ್ದರು.

ಕುಸ್ತಿಯಲ್ಲಿ ನಾನು ದೊಡ್ಡ ಹೆಸರು ಮಾಡಲಿಲ್ಲ. ಎದುರಾಳಿಯ ಕಣ್ಣು ತಪ್ಪಿಸಿ ಜಾರಿಕೊಳ್ಳುವುದರಲ್ಲಿ ಮಾತ್ರ ಜಾಣನಾಗಿದ್ದೆ. "ನೀ ಬೀಳಂಗಿಲ್ಲ ಬೇಟಾ, ಖರೆ. ಆದರ ನಿಲ್ಲಂಗೂ ಇಲ್ಲ," ಎನ್ನುತ್ತಿದ್ದರು ವಸ್ತಾದರು. ಆಮೇಲೆ ಕಲಬುರಗಿಯ ಶಾಲೆಗೆ ಹೋದೆ, ಉರ್ದು ಕಲಿತೆ, ಅಕ್ಷರ ಚೆಂದಾಗಿತ್ತೆಂದು ಅಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಮೈ ಸಡಿಲಾಯಿತು. ಸೇಡಂ ರಸ್ತೆಯ ಕಡೆ ಎರಡು ಕೋಣೆಯ ಮನೆ ಹಿಡಿದು ಸಂಸಾರ ಹೂಡಿದೆ. ಶೇರವಾನಿ ಹಾಕಿಕೊಂಡು ಕಚೇರಿಗೆ ಹೋಗುವಾಗ ಊರಿನವರು ಎದುರಾದರೆ, ಅವರು ಕರೆಯುವ ಮೊದಲೇ ನಾನು ಬೇರೆ ಕಡೆ ನೋಡುವುದನ್ನೂ ಕಲಿತೆ.

ಆಗ ನಮ್ಮ ಕಚೇರಿಗೆ ಒಬ್ಬ ಹೊಸ ಸಾಹೇಬರು ಬಂದರು. ಉತ್ತರದ ಕಡೆಯವರು, ವಿಲಾಯತಿಯಲ್ಲಿ ಓದಿದವರು. ಅವರ ತಲೆಯಲ್ಲೊಂದು ವಿಚಾರವಿತ್ತು, ಕೆಟ್ಟದ್ದೇನಲ್ಲ ಎಂದು ಇಂದಿಗೂ ಒಪ್ಪುತ್ತೇನೆ. ಕಲಬುರಗಿಯೊಂದಕ್ಕೇ ಅಲ್ಲ, ಸುತ್ತಲಿನ ಸೀಮೆಯ ಪ್ರತಿ ಕಸಬೆಗೂ ಆಟಕ್ಕೆಂದು, ಗಾಳಿಗೆಂದು ಒಂದು ಬಯಲನ್ನು ಸರ್ಕಾರವೇ ಕಾದಿಡಬೇಕು. ಯಾವ ಊರಿನವನಿಗೂ ಆಟದ ಬಯಲು ಬಹಳ ದೂರವಾಗಬಾರದು. ಮುಂದೆ ಊರುಗಳು ಬೆಳೆಯುತ್ತವೆ, ಮನೆಗಳು ಬಯಲನ್ನು ತಿನ್ನುತ್ತವೆ, ಈಗಲೇ ನಕ್ಷೆಯಲ್ಲಿ ಗುರುತು ಹಾಕಿಟ್ಟರೆ ಮೊಮ್ಮಕ್ಕಳಿಗೂ ಉಳಿಯುತ್ತದೆ. ಹೀಗೆಂದು ಅವರು ಗೋಡೆಯಷ್ಟು ದೊಡ್ಡ ನಕ್ಷೆಯ ಮೇಲೆ ಕೈವಾರ ಹಿಡಿದು, ಪ್ರತಿ ಊರಿನ ಸುತ್ತ ಹಸಿರು ಶಾಯಿಯಲ್ಲಿ ವರ್ತುಲ ಎಳೆಯುತ್ತಿದ್ದರು. ನಾನು ಶಾಯಿಯ ದೌತಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಕಮಲಾಪುರದ ಸುತ್ತ ವರ್ತುಲ ಬಿದ್ದ ದಿನ ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ನಮ್ಮ ಬಯಲಿಗೆ ಇನ್ನು ಯಾರ ಭಯವೂ ಇಲ್ಲ ಎಂದುಕೊಂಡೆ. ಅಷ್ಟರಲ್ಲೇ ಊರಿನ ಒಬ್ಬಿಬ್ಬರು ಸಿರಿವಂತರು ಅಲ್ಲಿ ಕೊಟ್ಟಿಗೆ ಹಾಕಲು ಅಳತೆ ಮಾಡಿ ಹೋಗಿದ್ದರು. ಆ ಗುರುತು ಮಂಜೂರಾದರೆ ಬಯಲು ಉಳಿಯುತ್ತದೆ, ಆಗದಿದ್ದರೆ ಹೋಗುತ್ತದೆ, ಇಷ್ಟೇ ಲೆಕ್ಕ.

ಪ್ರತಿ ಊರಿನ ವಿವರಕ್ಕೆ ಒಂದು ಪಟ್ಟಿ ತಯಾರಾಗಬೇಕಿತ್ತು. ಊರಿನ ಹೆಸರು, ಬಯಲಿನ ಉದ್ದಗಲ, ಸದ್ಯ ಅಲ್ಲಿ ಏನು ನಡೆಯುತ್ತದೆ ಎನ್ನುವುದು. ಸಾಹೇಬರಿಗೆ ಬೇಕಾದ ಆಟಗಳು ನಾಲ್ಕೇ: ಟೆನಿಸು, ಹಾಕಿ, ಕ್ರಿಕೆಟ್ಟು, ಫುಟ್‌ಬಾಲು. ಅವರ ಮನಸ್ಸು ತಿಳಿದ ನಾವು ಗುಮಾಸ್ತರು ಚೆಂಡೇ ಕಾಣದ ಊರಿಗೂ ಫುಟ್‌ಬಾಲು ಎಂದು ಬರೆದೆವು. ಆದರೆ ಕಮಲಾಪುರವನ್ನು ಸಾಹೇಬರು ಸ್ವತಃ ನೋಡುವುದಾಗಿ ಹೇಳಿದರು, ಬೀದರದ ಕಡೆ ಹೋಗುವ ಅವರ ದಾರಿಯಲ್ಲೇ ಇತ್ತಲ್ಲ. ಮೋಟರಿನಲ್ಲಿ ಅವರು ಮುಂದೆ ಕುಳಿತರು, ಹಿಂದೆ ನಕ್ಷೆಯ ಸುರುಳಿಯ ಜೊತೆ ನಾನು.

ಬೆಳಗಿನ ಹೊತ್ತು. ವಸ್ತಾದರಿಗೆ ಮೊದಲೇ ಹೇಳಿ ಕಳಿಸಿದ್ದೆ. ಅವರು ಬಯಲು ಗುಡಿಸಿ ನೀರು ಹೊಡೆಸಿದ್ದರು. ಪಾಪ, ಸಾಹೇಬರಿಗೆ ತೋರಿಸಲೆಂದೇ ತಮ್ಮ ಅತ್ಯುತ್ತಮ ಎರಡು ಜೋಡಿಯನ್ನು ಎಣ್ಣೆ ಹಚ್ಚಿ ನಿಲ್ಲಿಸಿದ್ದರು. ಮೋಟರು ನಿಂತದ್ದೇ ತಡ, ಶಡ್ಡು ಹೊಡೆದು ಕುಸ್ತಿ ಸುರುವಾಯಿತು. ತೊಡೆ ತಟ್ಟಿದ ಸದ್ದಿಗೆ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಕರವಸ್ತ್ರ ಮೂಗಿಗೆ ಹಿಡಿದರು. "ಇದು ಆಟವಲ್ಲ, ಜಗಳ," ಎಂದರು ಉರ್ದುವಿನಲ್ಲಿ. "ಲಂಗೋಟಿಯವರ ಜಗಳಕ್ಕೆ ಸರ್ಕಾರ ಬಯಲು ಕೊಡುವುದಿಲ್ಲ. ಆದರೆ ನೆಲ ಚೆನ್ನಾಗಿದೆ, ಸಮತಟ್ಟಾಗಿದೆ. ಬೇರೆ ಏನಾದರೂ ನಡೆಯುತ್ತದೆಯೋ ಕೇಳಿ ಬರೆದುಕೋ." ಇಷ್ಟು ಹೇಳಿ ಹೋಗಿ ಮೋಟರಿನಲ್ಲಿ ಕುಳಿತರು.

ವಸ್ತಾದರಿಗೆ ಆ ಉರ್ದು ಅರ್ಧ ತಿಳಿಯಿತು, ಅರ್ಧ ಸಾಹೇಬರ ಕರವಸ್ತ್ರದಿಂದ ತಿಳಿಯಿತು. ನನ್ನ ತೋಳು ಹಿಡಿದರು.

"ಬೇಟಾ, ನೀ ಕುಸ್ತಿ ಅಂತನ ಬರಿ. ಹುತುತು ಅಂತ ಬರಿ, ಪಂಚಮಿ ಜೋಕಾಲಿ ಅಂತ ಬರಿ. ಏನ್ ಅದನೋ ಅದನ್ನ ಸೀದಾ ಬರಿ. ಕೊಟ್ರ ಕೊಡ್ಲಿ, ಇಲ್ಲಾಂದ್ರ ಇಲ್ಲ."

"ಬರೀತೀನ್ರಿ ವಸ್ತಾದ್ರೇ. ನೀವು ಕಾಳಜಿ ಮಾಡಬ್ಯಾಡ್ರಿ," ಎಂದೆ.

ಆ ತೋಳಿನ ಮೇಲೆ ಎಣ್ಣೆಮಣ್ಣಿನ ಐದು ಬೆರಳು ಮೂಡಿದ್ದವು. ಮೋಟರು ಹತ್ತುವ ಮೊದಲು ಅದನ್ನು ಉಜ್ಜಿ ಉಜ್ಜಿ ತೆಗೆದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ.

ಕಚೇರಿಗೆ ಬಂದು ಪಟ್ಟಿಯ ಮುಂದೆ ಕುಳಿತೆ. ಕುಸ್ತಿ ಎಂದು ಬರೆದರೆ ಸಾಹೇಬರು ಹೊಡೆದುಹಾಕುತ್ತಾರೆ. ಫುಟ್‌ಬಾಲು ಎನ್ನೋಣವೆಂದರೆ ಅವರೇ ಕಣ್ಣಾರೆ ನೋಡಿ ಬಂದಿದ್ದಾರೆ. ಕುಸ್ತಿ ಎಂಬ ಅಕ್ಷರ ನನ್ನ ಚೆಂದದ ಬರಹದಲ್ಲಿ, ಟೆನಿಸು ಹಾಕಿಗಳ ಸಾಲಿನ ಕೆಳಗೆ, ಹರಕು ಬಟ್ಟೆಯಲ್ಲಿ ಮದುವೆಗೆ ಬಂದ ನೆಂಟನ ಹಾಗೆ ಕಾಣುತ್ತದೆ ಎನ್ನುವುದೂ ಇತ್ತು. ನಾಚಿಕೆಯಾಯಿತು, ಅದೇ ಸತ್ಯ. ಆಗ ನನ್ನ ತಲೆಗೆ ಕುಸ್ತಿಯ ಪಟ್ಟಿನಂಥ ಒಂದು ಪೇಚು ಹೊಳೆಯಿತು. "ತಾಲೀಮಿನ ಬಯಲು" ಎಂದು ಬರೆದೆ. ನಮ್ಮೂರಿನಲ್ಲಿ ತಾಲೀಮೆಂದರೆ ಗರಡಿ. ಪುಸ್ತಕದ ಉರ್ದುವಿನಲ್ಲಿ ತಾಲೀಮೆಂದರೆ ವಿದ್ಯೆ, ಶಿಕ್ಷಣ. ಎಂಥ ಗೌರವದ ಶಬ್ದ! ವಸ್ತಾದರ ಹತ್ತಿರ ನಾನು ಸುಳ್ಳುಗಾರನಾಗುವುದಿಲ್ಲ, ಸಾಹೇಬರ ಮೂಗಿಗೂ ವಾಸನೆ ಹೊಡೆಯುವುದಿಲ್ಲ. ಹೈದರಾಬಾದಿನ ಕಡೆಯ ಯಾರಾದರೂ ಓದಿದ್ದರೆ ಗರಡಿ ಎಂದು ತಟ್ಟನೆ ತಿಳಿಯುತ್ತಿದ್ದರು. ನಮ್ಮ ಸಾಹೇಬರೂ ಹೆಡ್ ಗುಮಾಸ್ತರೂ ಇಬ್ಬರೂ ಉತ್ತರದವರು, ಅವರಿಗೆ ಆ ಶಬ್ದಕ್ಕೆ ವಿದ್ಯೆ ಎನ್ನುವ ಒಂದೇ ಅರ್ಥ ಎನ್ನುವುದನ್ನು ಆ ಹುಮ್ಮಸ್ಸಿನಲ್ಲಿ ಮರೆತೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಕೆಲವು ತಿಂಗಳ ಮೇಲೆ ಮಂಜೂರಾದ ಪಟ್ಟಿ ಬಂತು. ಕಮಲಾಪುರದ ಸಾಲಿನ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಸಾಹೇಬರ ಟಿಪ್ಪಣಿ: ಈ ಊರಿನ ಬಯಲು ವಿದ್ಯೆಗೆ ಮೀಸಲಾಗಿರುವುದು ಕಂಡುಬಂದಿದೆ, ಆದ್ದರಿಂದ ಶಾಲೆಗಳ ವ್ಯವಹಾರ ನೋಡುವ ಕಚೇರಿಗೆ ವಹಿಸುವುದು. ಆಟಕ್ಕೆ ಈ ಊರಿನವರು ಕಲಬುರಗಿಯ ಮೈದಾನವನ್ನು ಬಳಸಬಹುದು. ನಕ್ಷೆಯಲ್ಲೂ ಕಮಲಾಪುರದ ಹಸಿರು ವರ್ತುಲವನ್ನು ಕೆರೆದುಹಾಕಿ, ಕಲಬುರಗಿಯ ವರ್ತುಲವನ್ನೇ ಅಷ್ಟು ದೂರ ಎಳೆದು ದೊಡ್ಡದು ಮಾಡಿದ್ದರು. ಇಪ್ಪತ್ತು ಮೈಲಿಗೂ ಮಿಕ್ಕಿದ ದಾರಿ. ಬೆಳಿಗ್ಗೆ ಎತ್ತಿನ ಬಂಡಿ ಹೂಡಿದರೆ ಸಂಜೆಗೆ ಮುಟ್ಟುತ್ತದೆ, ಒಂದು ಆಟ ಆಡಿ ಮರುದಿನ ಸಂಜೆಗೆ ಮನೆ ಸೇರಬಹುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ.

ಹೆಡ್ ಗುಮಾಸ್ತರ ಹತ್ತಿರ ಓಡಿದೆ. ವಯಸ್ಸಾದವರು, ಕೆಟ್ಟವರಲ್ಲ, ಪಾನ್ ಜಗಿಯುತ್ತ ಎಲ್ಲವನ್ನೂ ಕೇಳಿಕೊಂಡರು. ನಮ್ಮ ಮಾತೆಲ್ಲ ಉರ್ದುವಿನಲ್ಲಿ ನಡೆಯಿತು.

"ತಾಲೀಮ್ ಅಂದರೆ ಗರಡಿಯೇ? ಇದು ಯಾವ ನಿಘಂಟಿನಲ್ಲಿದೆ?"

"ನಮ್ಮ ಕಡೆ ಹಾಗೇ ಅನ್ನುತ್ತಾರೆ ಜನಾಬ್."

"ಅದು ಕುಸ್ತಿಯ ಜಾಗ ಅಂತ ನಿನಗೆ ಗೊತ್ತಿತ್ತೋ?"

"ಗೊತ್ತಿತ್ತು."

ಅವರು ಒಂದು ಬಿಳಿ ಹಾಳೆ ನನ್ನ ಮುಂದೆ ಸರಿಸಿದರು. "ಹಾಗಾದರೆ ಗೊತ್ತಿದ್ದೂ ನಾನೇ ಬೇರೆ ಶಬ್ದ ಬರೆದೆ ಅಂತ ಒಂದು ಸಾಲು ಬರೆದುಕೊಡು. ಇವತ್ತೇ ಸಾಹೇಬರ ಮುಂದೆ ಇಡುತ್ತೇನೆ. ಅವರು ಪಟ್ಟಿ ತಿದ್ದಿದರೂ ತಿದ್ದಬಹುದು. ನಿನ್ನನ್ನೂ ತಿದ್ದುತ್ತಾರೆ, ಅದಕ್ಕೆ ತಯಾರಿರು."

ನನ್ನ ಕೆಲಸ ಕಾಯಂ ಆಗುವ ತಿಂಗಳು ಅದು. ಹೆಂಡತಿ ಎರಡನೆಯ ಬಸುರಿ. ಈ ಕಾರಣಗಳನ್ನು ಎಷ್ಟು ಸಲ ಎಣಿಸಿದರೂ ಎರಡೇ ಆಗುತ್ತವೆ. ಹಾಳೆಯನ್ನು ನೋಡಿದೆ, ಲೇಖನಿ ಎತ್ತಿದೆ, ಶಾಯಿಯಲ್ಲಿ ಅದ್ದಿಯೂ ಅದ್ದಿದೆ. ಆಮೇಲೆ ಒರೆಸಿ ಕೆಳಗಿಟ್ಟೆ. ಅವರು ಹಾಳೆಯನ್ನು ಮಡಿಸದೆ ಹಿಂದಕ್ಕೆ ತೆಗೆದುಕೊಂಡು ಬೇರೆ ಕೆಲಸಕ್ಕೆ ಬಳಸಿದರು.

ಇನ್ನು ಮುಂದೆ ನಡೆದದ್ದು ನಗು ಬರುವ ಹಾಗಿದೆ, ನಗುವವರು ನಗಲಿ. ಕಮಲಾಪುರದ ಬಯಲಿನ ಸುತ್ತ ಕಲ್ಲಿನ ಕಂಬ ನೆಟ್ಟು ಮುಳ್ಳುತಂತಿ ಎಳೆದರು. ಒಂದು ಕಡೆ ಬಾಗಿಲು, ಬಾಗಿಲ ಮೇಲೆ ಉರ್ದುವಿನ ಬೋರ್ಡು. ಊರಿನವರು ಮುಲ್ಲಾನನ್ನು ಕರೆದುಕೊಂಡು ಹೋಗಿ ಓದಿಸಿದರು. "ತಾಲೀಮಿನ ಜಮೀನು" ಎಂದು ಆತ ಗಟ್ಟಿಯಾಗಿ ಓದಿದ. ಊರಿಗೆ ಊರೇ ಕುಣಿಯಿತು. ನಮ್ಮ ತಾಲೀಮಿನ ಹೆಸರನ್ನು ಸರ್ಕಾರ ಬೋರ್ಡಿನ ಮೇಲೆ ಹಾಕಿದೆ, ಕೊಟ್ಟಿಗೆ ಹಾಕುವವರ ಬಾಯಿಗೆ ಬೀಗ ಬಿತ್ತು, ತಂತಿ ಎಳೆದದ್ದು ದನ ಬಾರದಿರಲೆಂದು. ಹೀಗೆ ತಿಳಿದು ಬೋರ್ಡಿಗೆ ಹೂವಿನ ಹಾರ ಹಾಕಿ ಕಾಯಿ ಒಡೆದರಂತೆ. ವಸ್ತಾದರು ಸಂತೆಯಲ್ಲಿ ನಿಂತು ಬಂದವರಿಗೆಲ್ಲ ಸಕ್ಕರೆ ಹಂಚಿದರಂತೆ.

ಇದು ನನಗೆ ತಿಳಿದದ್ದು ಒಂದು ಬಾಳೆಗೊನೆಯ ಜೊತೆ. ಬಂಡಿಯವನೊಬ್ಬ ಕೆಂಪು ಬಾಳೆಯ ಗೊನೆಯನ್ನು ನಮ್ಮ ಮನೆಯ ಬಾಗಿಲಿಗೆ ಇಳಿಸಿ, "ವಸ್ತಾದ್ರು ಕಳಿಸ್ಯಾರ್ರಿ. ನಮ್ಮ ಹುಡುಗ ನಮ್ಮ ಮಾನ ಉಳಿಸ್ಯಾನ ಅಂತ ಹೇಳಂದಾರ," ಎಂದ. ಗೊನೆಯನ್ನು ಹೆಂಡತಿ ಅಡಿಗೆಮನೆಯ ತೊಲೆಗೆ ಕಟ್ಟಿದಳು. ದಿನಕ್ಕೊಂದು ಸಾಲು ಹಣ್ಣಾಗುತ್ತ ಬಂತು, ಮನೆಯೆಲ್ಲ ಗಮ್ಮೆನ್ನುವ ವಾಸನೆ. ಒಂದನ್ನೂ ನಾನು ಬಾಯಿಗೆ ಇಡಲಾರದೆ ಹೋದೆ. ಹೊಟ್ಟೆ ಸರಿಯಿಲ್ಲ ಎಂದೆ. ಆಕೆ ಓಣಿಗೆಲ್ಲ ಹಂಚಿದಳು.

ಎಂಟು ಹತ್ತು ದಿನಗಳಲ್ಲಿ ಬೋರ್ಡಿನ ಅರ್ಥ ಊರಿಗೆ ತಿಳಿಯಿತು. ಬಾಗಿಲಿಗೆ ಬೀಗ ಬಿತ್ತು. ಕಾವಲಿಗೆ ಬಂದವನು ಅಖಾಡದ ಕೋಣೆಯ ಮಾಡು ಕೀಳಿಸಿದ. ಹನುಮಪ್ಪನನ್ನು ಯಾರೋ ಎತ್ತಿ ಸಂತೆಯ ಕಟ್ಟೆಯ ಮೇಲೆ ಇಟ್ಟರು. ಇಲ್ಲಿ ಶಾಲೆ ಬರುತ್ತದೆ, ಒಳಗೆ ಯಾರೂ ಕಾಲಿಡಕೂಡದು ಎಂದು ಡಂಗುರವಾಯಿತು. ಶಾಲೆಯೇನು, ಶಾಲೆಯ ಒಂದು ಇಟ್ಟಿಗೆಯೂ ವರ್ಷಗಟ್ಟಲೆ ಬರಲಿಲ್ಲ. ಕೆಂಪು ನೆಲದಲ್ಲಿ ಜಾಲಿ ಬೆಳೆಯಿತು.

ಆ ಪಂಚಮಿಗೆ ಹೆಂಡತಿ ತವರಿಗೆ ಹೋಗಿ ಮೂರನೆಯ ದಿನಕ್ಕೇ ತಿರುಗಿ ಬಂದಳು. ಕೈಚೀಲ ಕೆಳಗಿಟ್ಟು ನೀರೂ ಕುಡಿಯದೆ ಕೇಳಿದಳು. "ಏನ್ರೀ, ತಂತಿ ಒಳಗ ಬೇವಿನ ಗಿಡ ಅದ. ಜೋಕಾಲಿ ಕಟ್ಟಾಕ ಉರ್ದುದಾಗ ಅರ್ಜಿ ಕೊಡಬೇಕೇನ್ರೀ? ನೀವ ಬರಕೊಡ್ರಿ. ನಿಮ್ಮ ಅಕ್ಷರ ಚೆಂದ ಅದಾವಲ್ಲ." ಅವಳಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಸಿಟ್ಟಿಗೆ ಆಡಿದ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ದಿನ ಉಣ್ಣದೆ ಕಚೇರಿಗೆ ಹೋದೆ.

ಮುಂದೆ ಸ್ವಲ್ಪ ದಿನಕ್ಕೆ ವಸ್ತಾದರೇ ಕಲಬುರಗಿಗೆ ಬಂದರು. ನಮ್ಮ ಮನೆಯಲ್ಲೇ ಇಳಿದುಕೊಂಡರು. ಹೆಂಡತಿ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕಿದಳು. ಊಟವಾದ ಮೇಲೆ ಅವರು ಕೈ ಒರೆಸಿಕೊಂಡು, "ಅರ್ಜಿ ಬರಿ ಬೇಟಾ. ಎಲ್ಲೋ ಗಲತಿ ಆಗ್ಯಾದ. ತಿದ್ದೋರ ಕೈಗೆ ಮುಟ್ಟಬೇಕಷ್ಟ," ಎಂದರು. ಬರೆದೆ. ನನ್ನ ಜೀವನದಲ್ಲೇ ಅಷ್ಟು ಚೆಂದದ ಅರ್ಜಿ ಬರೆದಿಲ್ಲ. ಕುಸ್ತಿ, ಹುತುತು, ಅಲಾಯಿ, ಜೋಕಾಲಿ ಎಲ್ಲವನ್ನೂ ಬರೆದೆ. ಗಲತಿ ಎಲ್ಲಾಯಿತು, ಯಾರಿಂದಾಯಿತು ಎನ್ನುವುದೊಂದನ್ನು ಬಿಟ್ಟೆ. ಅವರು ನಂಬಿಕೆಯಿಂದ ಹೆಬ್ಬೆಟ್ಟು ಒತ್ತಿದರು.

ಮರುದಿನ ಸಂಜೆ, "ನಮ್ಮ ಬಯಲಿನ ಬದಲಿ ಇಲ್ಲಿ ಕೊಟ್ಟಾರಂತಲ್ಲ, ಅದನ್ನರ ನೋಡೂಣು ನಡಿ," ಎಂದು ನನ್ನನ್ನು ಎಬ್ಬಿಸಿದರು. ಕಲಬುರಗಿಯ ಹೊಸ ಮೈದಾನ ನೋಡಲು ಚೆಂದವೇ ಇತ್ತು. ಕಬ್ಬಿಣದ ಗೇಟು, ಸುಣ್ಣದ ಗೆರೆ, ಬಲೆ ಕಟ್ಟಿದ ಟೆನಿಸ್ ಅಂಗಳ, ಕುಳಿತು ನೋಡಲು ಬೆತ್ತದ ಕುರ್ಚಿಗಳು. ಗೇಟಿನ ಕಾವಲಿನವನು ನನ್ನ ಶೇರವಾನಿ ನೋಡಿ ಸಲಾಮು ಮಾಡಿದ, ವಸ್ತಾದರ ಮೊಣಕಾಲುದ್ದದ ಧೋತರ ನೋಡಿ ಕೋಲು ಅಡ್ಡ ಹಿಡಿದ. "ಇವ್ರು ಯಾರ್ರೀ ಸಾಬ್? ನಿಮ್ಮ ಸಂಗಾಟ ಬಂದಾರೇನ್ರೀ?"

ಆ ಗಳಿಗೆಯಲ್ಲಿ ನನ್ನ ಗುರುಗಳು ಎನ್ನಬೇಕಾಗಿತ್ತು. "ನಮ್ಮೂರಿನವ್ರು," ಎಂದೆ. ಅಷ್ಟೇ ಎಂದೆ.

ವಸ್ತಾದರು ಒಳಗೆ ಹೋಗುವ ಗೋಜಿಗೇ ಹೋಗಲಿಲ್ಲ. ಗೇಟಿನ ಹೊರಗೇ ಕುಕ್ಕರಗಾಲಲ್ಲಿ ಕುಳಿತು, ಗೇಟಿನ ಸಂದಿಯಿಂದ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿದರು. "ಕರಿ ಮಣ್ಣು. ಇದ್ರಾಗ ಬಿದ್ರ ಮನಷ್ಯಾನ ಎಲುಬು ಮುರೀತದ," ಎಂದು ಅದನ್ನು ಅಲ್ಲೇ ಹಾಕಿ ಎದ್ದರು. ಮರುದಿನ ಬೆಳಿಗ್ಗೆ ಊರಿಗೆ ಹೊರಟುಹೋದರು.

ಅರ್ಜಿಗೆ ಉತ್ತರ ಬರಲು ಒಂದು ಮಳೆಗಾಲ ಹಿಡಿಯಿತು. ಉತ್ತರ ನೇರ ಕಮಲಾಪುರಕ್ಕೆ ಹೋಯಿತು, ಜೊತೆಗೆ ಹಳೆಯ ಪಟ್ಟಿಯ ಆ ಸಾಲಿನ ನಕಲು. ತಾಲೀಮಿನ ಜಮೀನಿನಲ್ಲಿ ತಾಲೀಮಿನ ಹೊರತು ಬೇರೆ ಏನೂ ನಡೆಯಕೂಡದು, ಇದೇ ಅದರ ಸಾರ. ಮುಲ್ಲಾ ಅದನ್ನು ಕಟ್ಟೆಯ ಮೇಲೆ ಕುಳಿತು ಓದಿದಾಗ ವಸ್ತಾದರು ಬಿದ್ದು ಬಿದ್ದು ನಕ್ಕರಂತೆ. "ಅದನ್ನ ಮಾಡಾಕತ್ತಿದ್ದಿವಲ್ಲೋ ನಾವು! ತಾಲೀಮ್ ಬಿಟ್ಟು ನಾವರ ಮತ್ತೇನ್ ಮಾಡೀವಿ?" ನಕ್ಕು ನಕ್ಕು ಕಡೆಗೆ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡರು ಎಂದು ನಮ್ಮ ಭಾವಮೈದುನ ಹೇಳಿದ.

ವರ್ಷಗಳು ಕಳೆದವು. ಸಾಹೇಬರಿಗೆ ವರ್ಗವಾಯಿತು, ಹಸಿರು ವರ್ತುಲಗಳ ನಕ್ಷೆಯನ್ನು ಸುತ್ತಿ ಬೀರುವಿನ ಮೇಲೆ ಒಗೆದರು, ಬೇರೆ ಊರುಗಳ ಎಷ್ಟು ಬಯಲು ಉಳಿದವೋ ನಾನು ಕೇಳಲಿಲ್ಲ. ಕಮಲಾಪುರದ ಬಯಲಿನ ಒಂದು ಮೂಲೆಯಲ್ಲಿ ಅಂತೂ ಹೆಂಚಿನ ಒಂದು ಕೋಣೆ ಎದ್ದಿತು, ಶಾಲೆ ಎಂದು ಕರೆದರು. ಉಳಿದ ನೆಲ ತಂತಿಯೊಳಗೇ ಉಳಿಯಿತು. ವಸ್ತಾದರಿಗೆ ವಯಸ್ಸಾಗಿತ್ತು, ಅರಳೆ ಹಿಂಜಲು ತೋಳು ಏಳುತ್ತಿರಲಿಲ್ಲ. ಅಲ್ಲಿಗೊಬ್ಬ ಹೊಸ ಕಾವಲುಗಾರ ಬೇಕೆಂದು ಕಚೇರಿಯಲ್ಲಿ ಮಾತು ಬಂದಾಗ ನಾನೇ ಓಡಾಡಿ ಅವರ ಹೆಸರು ಹಾಕಿಸಿದೆ. ದೊಡ್ಡ ಪುಣ್ಯ ಕಟ್ಟಿಕೊಂಡವನ ಹಾಗೆ ಆ ವಾರವೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಅಂಥ ಜಟ್ಟಿ ನಾನು.

ರಜೆಯಲ್ಲಿ ಊರಿಗೆ ಹೋದಾಗ ಅವರನ್ನು ನೋಡಲು ಹೋದೆ. ಸಂಜೆಯ ಹೊತ್ತು, ಬಾಗಿಲು ತೆರೆದಿತ್ತು. ಖಾಕಿ ಅಂಗಿ ತೊಟ್ಟು, ಕೋಲು ಹಿಡಿದು, ಬೇವಿನ ಮರದ ಕೆಳಗೆ ನಿಂತಿದ್ದರು. ತಂತಿಯಾಚೆ ಬಂಡಿದಾರಿಯ ಧೂಳಿನಲ್ಲಿ ನಾಲ್ಕೈದು ಮಂದಿ ಹುತುತು ಆಡುತ್ತಿದ್ದರು, ಒಂದೊಂದು ಬಂಡಿ ಬಂದಾಗಲೂ ಆಟ ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ವಸ್ತಾದರು ಅದನ್ನೇ ನೋಡುತ್ತಿದ್ದರು. ಕಾಲು ಮುಟ್ಟಿದೆ. ಬೆನ್ನ ಮೇಲೆ ಕೈ ಇಟ್ಟರು.

"ನೌಕರಿ ಹ್ಯಾಂಗದ್ರೀ ವಸ್ತಾದ್ರೇ?" ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು.

"ಛಲೋ ಅದ. ಹಿಂದಕ ಮಂದೀನ ಒಳಗ ಕರಿತಿದ್ದೆ, ಈಗ ಹೊರಗ ಹಾಕ್ತೀನಿ." ಕೋಲನ್ನು ಮರಕ್ಕೆ ಒರಗಿಸಿ ಹೇಳಿದರು. "ಆ ಕಾಗದದ ನಕಲ್ ಮುಲ್ಲಾ ಓದಿದ್ನಲ್ಲ. ತಾಲೀಮಿನ ಬಯಲು ಅಂತ ಬರ್ದಿತ್ತು. ಅವತ್ತ ರಾತ್ರಿಯೆಲ್ಲ ವಿಚಾರ ಮಾಡಿದೆ. ಆ ಸಾಹೇಬಗ ಈ ಶಬ್ದ ಎಲ್ಲಿಂದ ಬರಬೇಕು? ಅಂವ ಕುಸ್ತಿ ನೋಡಿ ಜಗಳಾ ಅಂದಾಂವ. ತಾಲೀಮ್ ಅನ್ನೋದು ನಮ್ಮ ಮಾತು. ನಮ್ಮವನ ಬರ್ದಾನ."

ನಾನು ತಂತಿಯಾಚೆಯ ಆಟದ ಕಡೆ ಮುಖ ತಿರುಗಿಸಿದೆ.

"ನೀ ಬಲಕ್ಕ ಹೊಳ್ಳತಿಯೋ ಎಡಕ್ಕ ಹೊಳ್ಳತಿಯೋ, ನಿನಗಿಂತ ಮೊದಲ ನಂಗ ತಿಳೀತಿತ್ತು. ಪೇಚ್ ಕಲಿಸಿದಾಂವ ನಾ ಅಲ್ಲೇನು?" ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಒಂದ ಮಾತು ಕೇಳ್ತೀನಿ, ಖರೆ ಹೇಳು. ಕುಸ್ತಿ ಅಂತ ಬರಿಯಾಕ ನಾಚಿಕಿ ಬಂತೇನೋ ಬೇಟಾ?"

ಹೌದು ಎನ್ನಲು ಒಂದು ಉಸಿರು ಸಾಕಾಗಿತ್ತು. ಇಷ್ಟು ವರ್ಷದ ಮೇಲೆ ಅದೊಂದು ಉಸಿರು ಅವರಿಗೆ ಸಲ್ಲಬೇಕಾಗಿತ್ತು.

"ಇಲ್ರೀ ವಸ್ತಾದ್ರೇ," ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಸೊಂಟದ ಬೀಗದ ಕೈ ತೆಗೆದು ಬಾಗಿಲ ಕಡೆ ನಡೆದರು. ನಾನು ಮರದ ಕೆಳಗೇ ನಿಂತಿದ್ದೆ. ಬಾಗಿಲ ಹತ್ತಿರ ತಿರುಗಿ, ಬೇರೆ ಯಾರಿಗೋ ಹೇಳುವ ಹಾಗೆ ಹೇಳಿದರು.

"ಹೊರಗ ನಡೀರಿ ಸಾಬ್. ತಾಲೀಮಿನ ಜಮೀನು ಇದು. ಒಳಗ ನಿಲ್ಲಾಕ ಪರವಾನಗಿ ಇಲ್ಲ."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ನನಗೆ ಬಹುವಚನ ಕೊಟ್ಟರು. ನಾನು ಹೊರಗೆ ಬಂದೆ. ಅವರು ಬೀಗ ಹಾಕಿದರು.